ಬಚ್ಚಲುಮನೆಯ ಸ್ಪೀಕರ್ ಹಾಕಿದಾಗ ಮನೆಯ ಕರೆಂಟ್ ಹೋಗುತ್ತಿದೆಯೇ? ದೋಷ ಹುಡುಕುವ ಬಗೆ

ಸಾಗರದಲ್ಲಿರುವ ಅಕ್ಕನ ಮನೆಯಲ್ಲಿ ಕಳೆದ ಮಳೆಗಾಲ ಒಂದು ತೊಂದರೆ ಶುರುವಾಯಿತು. ಭಾವ ಬೆಳಗ್ಗೆ ಸ್ನಾನಕ್ಕೆ ಹೋಗಿ, ಬಚ್ಚಲುಮನೆಯ ಚಾವಣಿಯ ಸ್ಪೀಕರಿನಲ್ಲಿ ಆಕಾಶವಾಣಿ ಹಾಕಿಕೊಂಡು ಹತ್ತು ಹನ್ನೆರಡು ನಿಮಿಷವಾಗುವಷ್ಟರಲ್ಲಿ ಇಡೀ ಮನೆಯ ಕರೆಂಟ್ ಹೋಗುತ್ತಿತ್ತು. ಡಿಬಿ, ಅಂದರೆ ಮನೆಯ ಎಲ್ಲ ಲೈನ್‌ಗಳ ಸ್ವಿಚ್ಚುಗಳಿರುವ ಪೆಟ್ಟಿಗೆ, ತೆರೆದು ನೋಡಿದರೆ ಕರೆಂಟ್ ಸೋರಿದಾಗ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಟ್ರಿಪ್ ಆಗಿರುತ್ತಿತ್ತು. ಮತ್ತೆ ಎತ್ತಿದರೆ ಕೆಲವು ದಿನ ನಿಲ್ಲುತ್ತಿತ್ತು, ಕೆಲವು ದಿನ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಸರಿ. ಮೂರನೆಯ ವಾರ ಯಾರೋ ಬಂದು ನೋಡಿ, ಈ ಸ್ವಿಚ್ಚೇ ಕೆಟ್ಟಿದೆ ಎಂದು ತೀರ್ಮಾನಿಸಿ, ಬಚ್ಚಲುಮನೆಯ ಲೈನನ್ನು ಆರ್‌ಸಿಸಿಬಿಗೆ ಸೇರಿಸದೆ ಮೇನ್ ಸ್ವಿಚ್ಚಿನಿಂದಲೇ ನೇರವಾಗಿ ಎಳೆದುಕೊಟ್ಟು ಹೋದರು. ಕರೆಂಟ್ ಹೋಗುವುದು ನಿಂತಿತು. ನನಗೆ ವಿಷಯ ತಿಳಿದದ್ದು ಅದಾದ ಎರಡು ದಿನಗಳ ಮೇಲೆ. ಬಸ್ಸು ಹತ್ತುವ ಮೊದಲು ಅಕ್ಕನಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: ಆ ಲೈನಿನ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಇಳಿಯುವ ಸ್ವಿಚ್ಚು) ಇಳಿಸಿಬಿಡು, ನಾನು ಬರುವವರೆಗೆ ಹಂಡೆಯಲ್ಲೇ ನೀರು ಕಾಯಿಸಿಕೊಳ್ಳಿ.

ಅಷ್ಟು ಗಾಬರಿಯಾಗಲು ಕಾರಣವಿದೆ. ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ. ಫೇಸ್ ತಂತಿಯಲ್ಲಿ ಹೋದ ಕರೆಂಟು ನ್ಯೂಟ್ರಲ್ ತಂತಿಯಲ್ಲಿ ಪೂರ್ತಿಯಾಗಿ ವಾಪಸು ಬಂದಿತೇ ಎಂದು ಅದು ಲೆಕ್ಕ ಇಡುತ್ತದೆ. ವಾಪಸು ಬಾರದ ಕರೆಂಟು ನೆಲಕ್ಕೋ ಗೋಡೆಗೋ ಒದ್ದೆ ಮೈಗೋ ಹರಿದಿದೆ ಎಂದು ಅರ್ಥ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿಯ ಮಿತಿ 30 ಮಿಲಿಆಂಪಿಯರ್. ಆ ಮಿತಿ ಮುಟ್ಟಿದರೆ ಅದು 0.3 ಸೆಕೆಂಡಿನೊಳಗೆ ಲೈನ್ ಕಡಿಯಬೇಕು. ಎಂಸಿಬಿ ಈ ಕೆಲಸ ಮಾಡುವುದಿಲ್ಲ. 6 ಆಂಪಿಯರ್‌ನ ಚಿಕ್ಕ ಎಂಸಿಬಿ ಕೂಡ 30 ಮಿಲಿಆಂಪಿಯರಿನ 200 ಪಟ್ಟು ಕರೆಂಟನ್ನು ಸುಮ್ಮನೆ ಹರಿಯಲು ಬಿಡುತ್ತದೆ. ಆರ್‌ಸಿಸಿಬಿ ತಪ್ಪಿಸಿದ ಬಚ್ಚಲುಮನೆಯಲ್ಲಿ ಸೋರಿಕೆ ನಿಂತಿರಲಿಲ್ಲ, ಅದನ್ನು ಹೇಳುವವರು ಯಾರೂ ಇರಲಿಲ್ಲ, ಅಷ್ಟೆ. ಆ ಎರಡು ದಿನ ಅಕ್ಕನ ಆರು ವರ್ಷದ ಮಗಳು ಅಲ್ಲೇ ಸ್ನಾನ ಮಾಡಿದ್ದಳು ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ಆದ್ದರಿಂದ ದೋಷ ಹುಡುಕುವುದಕ್ಕೆ ಮೊದಲು ಎರಡು ಮಾತು. ನಲ್ಲಿ, ಷವರ್, ಸ್ಪೀಕರಿನ ಜಾಲರಿ, ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಜುಮ್ಮೆಂದರೆ ಮತ್ತೊಮ್ಮೆ ಮುಟ್ಟಿ ಪರೀಕ್ಷಿಸಬೇಡಿ. ಹೊರಗೆ ಬಂದು ಮೇನ್ ಇಳಿಸಿ. 230 ವೋಲ್ಟಿನ ತಂತಿ ಬಿಚ್ಚುವ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನೀವು ಮಾಡಬೇಕಾದದ್ದು ಅದಕ್ಕಿಂತ ಮುಖ್ಯವಾದದ್ದು: ಯಾವಾಗ, ಏನೇನು ಚಾಲೂ ಇದ್ದಾಗ, ಎಷ್ಟು ಹೊತ್ತಿಗೆ ಟ್ರಿಪ್ ಆಗುತ್ತದೆ ಎಂದು ಬರೆದಿಡುವುದು. ಬಂದವರು ಅರ್ಧ ಗಂಟೆ ಇದ್ದು ಹೋಗುತ್ತಾರೆ, ಮನೆಯವರು ದಿನವೂ ನೋಡುತ್ತಿರುತ್ತಾರೆ.

ಯಾವಾಗ ಟ್ರಿಪ್ ಆಗುತ್ತದೆ?

ಸ್ವಿಚ್ ಹಾಕಿದ ಕ್ಷಣದಲ್ಲೇ ಟ್ರಿಪ್ ಆದರೆ ಹೆಚ್ಚಾಗಿ ವೈರಿಂಗ್ ತಪ್ಪು. ಸ್ಪೀಕರಿಗೆ ಸದ್ದು ಕೊಡುವ ಆಂಪ್ಲಿಫೈಯರಿಗೆ ಫೇಸನ್ನು ಒಂದು ಲೈನಿನಿಂದ ತೆಗೆದುಕೊಂಡು, ನ್ಯೂಟ್ರಲನ್ನು ಹತ್ತಿರ ಸಿಕ್ಕಿದ ಬೇರೆ ಲೈನಿನಿಂದ ಎರವಲು ತಂದಿರುತ್ತಾರೆ. ಆ ಎರಡು ಲೈನ್‌ಗಳು ಬೇರೆ ಬೇರೆ ಆರ್‌ಸಿಸಿಬಿಯ ಕೆಳಗಿದ್ದರೆ, ಅಥವಾ ಅವುಗಳಲ್ಲೊಂದು ಆರ್‌ಸಿಸಿಬಿಯ ಹೊರಗಿದ್ದರೆ ಲೆಕ್ಕ ತಾಳೆಯಾಗುವುದೇ ಇಲ್ಲ. ಸೋರಿಕೆ ಇಲ್ಲದಿದ್ದರೂ ಟ್ರಿಪ್ ಆಗುತ್ತದೆ. ಯುಪಿಎಸ್ ಇರುವ ಮನೆಗಳಲ್ಲಿ ಇದರದೇ ಇನ್ನೊಂದು ರೂಪ ಕಾಣುತ್ತದೆ. ಕರೆಂಟ್ ಹೋಗಿ ಬರುವ ಹೊತ್ತಿಗೆ ಸರಿಯಾಗಿ ಆರ್‌ಸಿಸಿಬಿ ಟ್ರಿಪ್ ಆಗುತ್ತಿದ್ದರೆ, ಯುಪಿಎಸ್ ಲೈನಿನ ನ್ಯೂಟ್ರಲ್ ಮತ್ತು ಮೇನ್ ಲೈನಿನ ನ್ಯೂಟ್ರಲ್ ಎಲ್ಲೋ ಬೆರೆತಿವೆಯೇ ಎಂದು ನೋಡಿಸಬೇಕು. ದಿನಕ್ಕೆ ನಾಲ್ಕು ಬಾರಿ ಕರೆಂಟ್ ಹೋಗುವ ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ.

ಮನೆಯ ಎಲ್ಲ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಅದೇ ಕೆಟ್ಟಿದೆ ಎಂದು ಹೇಳುವ ಮೊದಲು ಇನ್ನೊಂದು ಹೆಜ್ಜೆ ಇದೆ. ಸಾಮಾನ್ಯ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಸೇರಿಕೊಂಡೇ ಇರುತ್ತದೆ. ಎಲ್ಲೋ ನ್ಯೂಟ್ರಲ್ ಅರ್ಥಿಗೆ ತಾಗಿದ್ದರೂ ಟ್ರಿಪ್ ಆಗಬಹುದು. ಆರ್‌ಸಿಸಿಬಿಯಿಂದ ಮನೆಯ ಕಡೆಗೆ ಹೋಗುವ ಎರಡೂ ತಂತಿಗಳನ್ನು ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಬೇಕು. ಆಗಲೂ ನಿಲ್ಲದಿದ್ದರೆ ಮಾತ್ರ ಬದಲಾಯಿಸುವ ಮಾತು. ಇದೇ ಕಾರಣಕ್ಕೆ ಉಪಕರಣಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಅಕ್ಕನ ಮನೆಯದು ಈ ಯಾವುದೂ ಅಲ್ಲ. ಅಲ್ಲಿ ಹತ್ತು ನಿಮಿಷ ತಡವಾಗಿ ಟ್ರಿಪ್ ಆಗುತ್ತಿತ್ತು. ವೈರಿಂಗ್ ತಪ್ಪಿದ್ದರೆ ಅದು ಹತ್ತು ನಿಮಿಷ ಕಾಯುವುದಿಲ್ಲ. ಹತ್ತು ನಿಮಿಷದಲ್ಲಿ ಬಚ್ಚಲುಮನೆಯಲ್ಲಿ ಬದಲಾಗುವುದು ಎರಡೇ: ಬಿಸಿ ಮತ್ತು ಹಬೆ. ಭಾವನಿಗೆ ಗೀಸರ್ ಮೇಲೆ ಅನುಮಾನ, ಅಕ್ಕನಿಗೆ ಸ್ಪೀಕರ್ ಮೇಲೆ ಅನುಮಾನ. ಇಬ್ಬರೂ ತಮ್ಮ ಅನುಮಾನವನ್ನು ತಾವೇ ಪರೀಕ್ಷಿಸಿ ನೋಡಿ ಸೋತಿದ್ದರು. ಏಕೆಂದರೆ ರೇಡಿಯೋ ಹಾಕದ ದಿನ ಗೀಸರ್ ಒಂದರಿಂದ ಟ್ರಿಪ್ ಆಗುತ್ತಿರಲಿಲ್ಲ. ಗೀಸರ್ ಆರಿಸಿ ಸ್ನಾನಕ್ಕೆ ಇಳಿದ ದಿನ ರೇಡಿಯೋ ಒಂದರಿಂದಲೂ ಟ್ರಿಪ್ ಆಗುತ್ತಿರಲಿಲ್ಲ. ಎರಡೂ ಇದ್ದು, ಬಿಸಿನೀರು ಹರಿದು, ಕೋಣೆ ಹಬೆಯಿಂದ ತುಂಬಿದಾಗ ಮಾತ್ರ ಆಗುತ್ತಿತ್ತು.

ಇಲ್ಲಿ ಅಳತೆಯಿಲ್ಲದೆ ಮುಂದೆ ಹೋಗಲಾಗುವುದಿಲ್ಲ. ಸೋರಿಕೆ ಅಳೆಯಲೆಂದೇ ಇರುವ ಕ್ಲಾಂಪ್ ಮೀಟರ್ ಒಂದನ್ನು ಪರಿಚಯದ ಎಲೆಕ್ಟ್ರಿಷಿಯನ್ ತಂದರು. ಸಾಧಾರಣ ಕ್ಲಾಂಪ್ ಮೀಟರ್ ಮಿಲಿಆಂಪಿಯರ್ ಮಟ್ಟವನ್ನು ನಂಬುವಂತೆ ತೋರಿಸುವುದಿಲ್ಲ. ಮೊದಲು ಬಚ್ಚಲುಮನೆಯ ಲೈನನ್ನು ಮತ್ತೆ ಆರ್‌ಸಿಸಿಬಿಯ ಕೆಳಗೆ ಸೇರಿಸಿ, ಆಮೇಲೆ ಆ ಲೈನಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮೀಟರಿನ ದವಡೆಯೊಳಗೆ ಹಿಡಿದೆವು. ಹೋದದ್ದೂ ಬಂದದ್ದೂ ಸಮವಾಗಿದ್ದರೆ ಸೊನ್ನೆ ತೋರಿಸಬೇಕು. ಗೀಸರ್ ಒಂದನ್ನೇ ಹಾಕಿದಾಗ 9 ಮಿಲಿಆಂಪಿಯರ್ ತೋರಿಸಿತು. ಅದನ್ನು ಆರಿಸಿ ಆಂಪ್ಲಿಫೈಯರ್ ಹಾಕಿದಾಗ 2 ಮಾತ್ರ. ಒಣಗಿದ ಕೋಣೆಯಲ್ಲಿ ಲೆಕ್ಕ ಅಷ್ಟಕ್ಕೇ ಮುಗಿಯಿತು. ಬಾಗಿಲು ಹಾಕಿ ಬಿಸಿನೀರಿನ ಷವರ್ ತಿರುಗಿಸಿ ಹೊರಗೆ ನಿಂತೆವು. ಐದು ನಿಮಿಷಕ್ಕೆ ಆಂಪ್ಲಿಫೈಯರಿನ ಪಾಲು 5 ಆಯಿತು. ಹನ್ನೊಂದು ನಿಮಿಷಕ್ಕೆ 14. ಇದಕ್ಕೆ ಗೀಸರಿನ 9 ಸೇರಿಸಿ. 30ರ ಆರ್‌ಸಿಸಿಬಿ ಸರಿಯಾಗಿ 30ಕ್ಕೇ ಟ್ರಿಪ್ ಆಗಬೇಕೆಂದಿಲ್ಲ. ಮಾನದಂಡದ ಪ್ರಕಾರ 15ರವರೆಗೆ ಅದು ನಿಲ್ಲಬೇಕು, 30ಕ್ಕೆ ಕಡಿಯಲೇಬೇಕು. ನಡುವೆ ಎಲ್ಲಿ ಕಡಿದರೂ ಅದು ಆರೋಗ್ಯವಾಗಿದೆ. ಕೆಟ್ಟಿದೆ ಎಂದು ಬದಿಗೆ ತಳ್ಳಿದ್ದ ಆ ಆರ್‌ಸಿಸಿಬಿ ಮೂರು ವಾರ ನಿಜವನ್ನೇ ಹೇಳುತ್ತಿತ್ತು.

ಗೀಸರಿನ ಪಾಲಿಗೆ ಕಾರಣ ಸರಳ. ಬೋರ್‌ವೆಲ್ಲಿನ ಗಡಸು ನೀರಿನಿಂದ ಎಲಿಮೆಂಟಿನ ಮೇಲೆ ಸುಣ್ಣದಂಥ ಪದರ ಕಟ್ಟಿ, ಲೋಹದ ಕವಚ ಸಣ್ಣಗೆ ಬಿರುಕು ಬಿಟ್ಟು, ಒಳಗಿನ ನಿರೋಧಕ ಪುಡಿ ತೇವ ಹೀರಿತ್ತು. ಎಲಿಮೆಂಟ್ ಬದಲಾಯಿಸಿದ ಮೇಲೆ ಅದರ ಸೋರಿಕೆ ಅರ್ಧ ಮಿಲಿಆಂಪಿಯರಿಗಿಂತ ಕೆಳಗಿಳಿಯಿತು.

ಚಾವಣಿಯ ಮೇಲೆ ಕಂಡದ್ದು

ಮೇನ್ ಇಳಿಸಿ, ಫಾಲ್ಸ್ ಸೀಲಿಂಗಿನ ಪಿವಿಸಿ ಹಲಗೆ ಒಂದನ್ನು ಬಿಚ್ಚಿ ಟಾರ್ಚ್ ಹಿಡಿದಾಗ ಉಳಿದ ಕಥೆ ಕಣ್ಣೆದುರಿಗೇ ಇತ್ತು. ಸ್ಪೀಕರ್ ಕೂರಿಸಲು ಹಲಗೆಯಲ್ಲಿ ದುಂಡಗೆ ಕೊರೆದಿದ್ದರು. ಸ್ಪೀಕರಿನ ಹಿಂದೆ ಯಾವ ಡಬ್ಬಿಯೂ ಇರಲಿಲ್ಲ. ಜಾಲರಿಯ ಅಂಚಿನಿಂದ ಹಬೆ ನೇರವಾಗಿ ಮೇಲಿನ ಟೊಳ್ಳಿಗೆ ಏರುತ್ತಿತ್ತು. ಮೇಲಿನದು ಮಳೆಯಲ್ಲಿ ನೆನೆದು ತಣ್ಣಗಾದ ಆರ್‌ಸಿಸಿ ತಾರಸಿ. ತಣ್ಣನೆಯ ತಾರಸಿಗೆ ತಾಗಿದ ಹಬೆ ನೀರಾಗಿ ಹನಿಹನಿಯಾಗಿ ಕೆಳಗೆ ಬೀಳುತ್ತಿತ್ತು. ಬೀಳುವ ಜಾಗದಲ್ಲೇ ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡ್ ಬಿದ್ದುಕೊಂಡಿತ್ತು, ಪಕ್ಕದಲ್ಲಿ ಆಂಪ್ಲಿಫೈಯರ್. ಬೋರ್ಡಿನ ತುಂಬ ಧೂಳು. ಧೂಳಿಗೆ ತೇವ ಸೇರಿದರೆ ಫೇಸಿನಿಂದ ಅರ್ಥ್ ಪಿನ್ನಿಗೆ ದಾರಿ ತಾನೇ ಆಗುತ್ತದೆ. ಮಧ್ಯಾಹ್ನ ಒಣಗಿದೊಡನೆ ದಾರಿ ಮುಚ್ಚುತ್ತದೆ. ಬಂದು ನೋಡಿದವರಿಗೆ ಏನೂ ಸಿಗದಿರಲು ಕಾರಣ ಅದೇ: ಅವರು ಬರುತ್ತಿದ್ದದ್ದು ಮಧ್ಯಾಹ್ನ.

ಅದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು. ಸ್ಪೀಕರಿನ ತಂತಿಯನ್ನು ಗೀಸರ್ ಲೈನಿನ ಪೈಪಿನೊಳಗೇ ಎಳೆದಿದ್ದರು. ಎರಡೂ ಒಂದೇ ಪೈಪಿನಲ್ಲಿದ್ದರೆ ಹಾಡಿನಲ್ಲಿ ಗುಂಯ್ ಎನ್ನುತ್ತದೆ, ಅದಕ್ಕೇ ಹಾಗೆ ಮಾಡಬಾರದು ಎಂದು ಹೇಳುವವರಿದ್ದಾರೆ. ಸ್ಪೀಕರ್ ತಂತಿಯ ಮಟ್ಟಿಗೆ ಗುಂಯ್‌ಗುಡುವುದು ಚಿಲ್ಲರೆ ವಿಷಯ. ಗೀಸರ್ ತಂತಿ ಬಿಸಿಯಾಗಿ ಅದರ ಪ್ಲಾಸ್ಟಿಕ್ ಹೊದಿಕೆ ಕರಗಿದರೆ 230 ವೋಲ್ಟ್ ನೇರವಾಗಿ ಸ್ಪೀಕರಿಗೆ, ಅಲ್ಲಿಂದ ಅದರ ಲೋಹದ ಜಾಲರಿಗೆ ಬರಬಹುದು. ಸ್ಪೀಕರ್ ತಂತಿಗೆ ತನ್ನದೇ ಪೈಪು ಬೇಕು. ಇದರಲ್ಲಿ ರಾಜಿ ಇಲ್ಲ.

ಜಾಲರಿ ಮುಟ್ಟಿದರೆ ಜುಮ್ಮೆನ್ನುವುದು

ಟ್ರಿಪ್ ಆಗುವುದಿಲ್ಲ, ಆದರೆ ಒದ್ದೆ ಕೈ ತಾಗಿದರೆ ಇರುವೆ ಹರಿದಂತಾಗುತ್ತದೆ ಎನ್ನುವ ಮನೆಗಳಿವೆ. ಎರಡು ಪಿನ್ನಿನ ಅಡಾಪ್ಟರಿನ ಒಳಗೆ ಮೇನ್ ಬದಿಗೂ ಕಡಿಮೆ ವೋಲ್ಟಿನ ಬದಿಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಬಲು ಸಣ್ಣ ಕರೆಂಟು ಸದಾ ದಾಟುತ್ತದೆ. ಒಳ್ಳೆಯ ಅಡಾಪ್ಟರಿನಲ್ಲಿ ಅದು ಕಾಲು ಮಿಲಿಆಂಪಿಯರಿನ ಒಳಗೇ ಇರುತ್ತದೆ, ಒಣ ಕೈಗೆ ಗೊತ್ತಾದರೂ ಅಪಾಯವಿಲ್ಲ. ಅಗ್ಗದ ಅಡಾಪ್ಟರಿನಲ್ಲಿ ಅದೇ ಕೆಪಾಸಿಟರ್ ಒಡೆದರೆ ಪೂರ್ತಿ ವೋಲ್ಟೇಜು ಈಚೆಗೆ ಬರುತ್ತದೆ. ಮುಟ್ಟಿದ ಬೆರಳಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಟೆಸ್ಟರಿಗೂ ತಿಳಿಯುವುದಿಲ್ಲ, ಏಕೆಂದರೆ ಅದರ ಪುಟ್ಟ ದೀಪ ಅತ್ಯಲ್ಪ ಕರೆಂಟಿಗೂ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬಚ್ಚಲುಮನೆಯಲ್ಲಿ ಜುಮ್ಮೆಂದರೆ ಅದನ್ನು ಅಪಾಯವೆಂದೇ ಹಿಡಿಯಬೇಕು. ಅಡಾಪ್ಟರಿನ ಮೇಲೆ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ, ಒಂದರೊಳಗೊಂದು ಇರುವ ಎರಡು ಚೌಕದ ಚಿಹ್ನೆ ಇವೆಯೇ ನೋಡಿ. ಇಲ್ಲದಿದ್ದರೆ ಅದನ್ನು ಬಳಸಬೇಡಿ.

ಮನೆಯ ಅರ್ಥಿಂಗ್ ಸರಿ ಇದೆಯೇ ಎಂಬುದನ್ನೂ ಈ ಹೊತ್ತಿಗೆ ನೋಡಿಸಿಕೊಳ್ಳಿ. ಅರ್ಥ್ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ, ಆದರೆ ಸೋರಿಕೆಗೆ ಹರಿಯಲು ಬೇರೆ ದಾರಿ ಇಲ್ಲದೆ ಮನುಷ್ಯ ಮುಟ್ಟುವವರೆಗೂ ಅದು ಕಾಯುತ್ತದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದಾಗ ಟ್ರಿಪ್ ಆಯಿತೆಂದರೆ ಯಂತ್ರ ಸರಿ ಇದೆ ಎಂದಷ್ಟೇ ಅರ್ಥ, ನೆಲದಲ್ಲಿ ತೋಡಿದ ಅರ್ಥ್ ಗುಂಡಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಬಟನ್ ಅನ್ನು ತಿಂಗಳಿಗೊಮ್ಮೆ ಒತ್ತಿ, ಅರ್ಥ್ ಗುಂಡಿಯನ್ನು ಬೇಸಿಗೆಯಲ್ಲಿ, ನೆಲ ಒಣಗಿದ್ದಾಗ, ಮೀಟರ್ ಹಾಕಿ ಅಳೆಸಿ.

ಸದ್ದಿನ ದೋಷಗಳು

ಇವು ಪ್ರಾಣಕ್ಕೆ ಸಂಬಂಧಿಸಿದವಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಸ್ನಾನದ ಮೇಲೆ ಸದ್ದು ಮಂಕಾಗಿ, ಮಧ್ಯಾಹ್ನಕ್ಕೆ ತಾನೇ ಸರಿಯಾದರೆ ಸ್ಪೀಕರಿನ ಕಾಗದದ ಕೋನ್ ತೇವ ಹೀರುತ್ತಿದೆ. ಅದಕ್ಕೆ ಮದ್ದಿಲ್ಲ, ಪಾಲಿಪ್ರೊಪಿಲೀನ್ ಕೋನಿನ ಸ್ಪೀಕರ್ ಹಾಕಬೇಕು. ಕರಕರ ಸದ್ದು ಬಂದು ನಿಂತು ಬರುತ್ತಿದ್ದರೆ ತಂತಿ ಜೋಡಿಸಿದ ಕಡೆ ತಾಮ್ರ ಹಸಿರುಗಟ್ಟಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಪೂರ್ತಿ ಸದ್ದಡಗಿದ್ದರೆ ಆಂಪ್ಲಿಫೈಯರಿನಿಂದ ಎರಡೂ ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಎಂದು ಬರೆದ ಸ್ಪೀಕರ್ 6ರಿಂದ 7 ಓಮ್ ತೋರಿಸುತ್ತದೆ, ಅದು ಸಹಜ. ಏನೂ ತೋರಿಸದಿದ್ದರೆ ತಂತಿಯೋ ಒಳಗಿನ ಸುರುಳಿಯೋ ತುಂಡಾಗಿದೆ. ಸೊನ್ನೆಯ ಹತ್ತಿರ ತೋರಿಸಿದರೆ ಎರಡು ತಂತಿಗಳು ತಾಗಿಕೊಂಡಿವೆ, ಹಾಗೆಯೇ ಆಂಪ್ಲಿಫೈಯರ್ ಹಾಕಿದರೆ ಅದೂ ಸುಡಬಹುದು. ಮೀಟರ್ ಇಲ್ಲವೆಂದರೆ 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ, ಟಪ್ ಎಂದರೆ ಸ್ಪೀಕರ್ ಬದುಕಿದೆ.

ಸದಾ ಗುಂಯ್‌ಗುಡುತ್ತಿದ್ದರೆ ಹಾಡು ಬರುವ ತಂತಿಯನ್ನು ಆಂಪ್ಲಿಫೈಯರಿನ ಹಿಂದಿನಿಂದ ಕಿತ್ತು ಕೇಳಿ. ನಿಂತರೆ ದೋಷ ಆಚೆ ಇದೆ, ಹೆಚ್ಚಾಗಿ ಟಿವಿ ಅಥವಾ ಕೇಬಲ್ ಪೆಟ್ಟಿಗೆಯ ಕಡೆಯಿಂದ ಬಂದ ಎರಡನೆಯ ಅರ್ಥ್. ಆ ಸದ್ದು ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ತಂತಿಯನ್ನು ಕಡಿಯುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಬ್ಲೂಟೂತ್ ಕಡಿದು ಕಡಿದು ಬರುತ್ತಿದ್ದರೆ ಒದ್ದೆ ಗೋಡೆ ಮತ್ತು ಕಬ್ಬಿಣದ ಸರಳುಗಳು ಕಾರಣ. ರಿಸೀವರ್ ಬಚ್ಚಲಿನ ಹೊರಗಿದ್ದರೆ ಫೋನೂ ಹೊರಗೇ ಇರಲಿ.

ಮತ್ತೆ ಕೂರಿಸಿದ ಬಗೆ

ಟಬ್ ಇಲ್ಲದ, ನೆಲಕ್ಕೇ ನೀರು ಬೀಳುವ ಸ್ನಾನದ ಕೋಣೆಗಳ ಬಗ್ಗೆ ಐಇಸಿ 60364 ಎಂಬ ಅಂತರರಾಷ್ಟ್ರೀಯ ವೈರಿಂಗ್ ಮಾನದಂಡದ 7-701ನೆಯ ಭಾಗದಲ್ಲಿ ಒಂದು ಅಳತೆ ಇದೆ. ಗೋಡೆಗೆ ಕೂರಿಸಿದ ಷವರಿನ ಬಾಯಿಯಿಂದ ಸುತ್ತ 1.2 ಮೀಟರ್, ನೆಲದಿಂದ 2.25 ಮೀಟರ್ ಎತ್ತರದವರೆಗೆ ಒಂದನೆಯ ವಲಯ. ಅಲ್ಲಿ ಹಾಕುವ ಉಪಕರಣ ಎಲ್ಲ ದಿಕ್ಕಿನಿಂದ ಎರಚುವ ನೀರನ್ನು ತಡೆಯುವಂತಿರಬೇಕು, ಅಂದರೆ ಕನಿಷ್ಠ ಐಪಿಎಕ್ಸ್4. ನಮ್ಮ ಬಚ್ಚಲುಮನೆಗಳು ಐದು ಅಡಿ ಅಗಲ, ಏಳೆಂಟು ಅಡಿ ಉದ್ದ. ಅಳತೆಪಟ್ಟಿ ಹಿಡಿದು ನೋಡಿದರೆ ಹೆಚ್ಚುಕಡಿಮೆ ಅರ್ಧ ಕೋಣೆ ಒಂದನೆಯ ವಲಯವೇ, ಉಳಿದದ್ದೂ ಅದರ ಅಂಚಿನಲ್ಲೇ. ಆದ್ದರಿಂದ ನಾನು ಇಡೀ ಕೋಣೆಯನ್ನು, ಫಾಲ್ಸ್ ಸೀಲಿಂಗಿನ ಮೇಲಿನ ಟೊಳ್ಳನ್ನೂ ಸೇರಿಸಿ, ನೀರಿನ ಜಾಗವೆಂದೇ ಲೆಕ್ಕ ಹಿಡಿಯುತ್ತೇನೆ. ಐಪಿ ಅಂಕಿಗಳು ನೀರಿನ ಎರಚಾಟವನ್ನೋ ಮುಳುಗುವಿಕೆಯನ್ನೋ ಪರೀಕ್ಷಿಸಿ ಕೊಟ್ಟವು. ದಿನವೂ ಒಳನುಗ್ಗುವ ಬಿಸಿ ಹಬೆಯ ಬಗ್ಗೆ ಐಪಿಎಕ್ಸ್7 ಕೂಡ ಭರವಸೆ ಕೊಡುವುದಿಲ್ಲ.

ಆಂಪ್ಲಿಫೈಯರ್ ಈಗ ಪಕ್ಕದ ಕೋಣೆಯ ಕಪಾಟಿನಲ್ಲಿದೆ, ಆರ್‌ಸಿಸಿಬಿಯ ಕೆಳಗೆ. ಬಚ್ಚಲಿಗೆ ಹೋಗುವುದು ಸ್ಪೀಕರ್ ತಂತಿ ಮಾತ್ರ, ಬೇರೆ ಪೈಪಿನಲ್ಲಿ. 20 ವ್ಯಾಟಿನ ಆಂಪ್ಲಿಫೈಯರ್ 8 ಓಮ್ ಸ್ಪೀಕರಿಗೆ ಪೂರ್ತಿ ಜೋರಿನಲ್ಲಿ ಕೊಡುವುದು 13 ವೋಲ್ಟಿಗಿಂತ ಕಡಿಮೆ. ಟೈಲ್ಸ್ ಗೋಡೆಯ ಕೋಣೆಯಲ್ಲಿ ಸದ್ದು ತಾನೇ ಮೊಳಗುತ್ತದೆ, 20 ವ್ಯಾಟ್ ಧಾರಾಳ. ಸಭಾಂಗಣಗಳಲ್ಲಿ ಬಳಸುವ 100 ವೋಲ್ಟ್ ಲೈನಿನ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಅಗ್ಗಕ್ಕೆ ಸಿಕ್ಕಿತೆಂದು ಇಲ್ಲಿಗೆ ತರಬೇಡಿ. ತಂತಿ 1.5 ಚದರ ಮಿಲಿಮೀಟರಿನದು. 10 ಮೀಟರ್ ದೂರಕ್ಕೆ ಹೋಗಿ ಬರುವ ಎರಡೂ ಎಳೆ ಸೇರಿ ಅದರ ಪ್ರತಿರೋಧ ಕಾಲು ಓಮ್‌ನಷ್ಟೇ, ಸದ್ದಿಗೆ ನಷ್ಟವಿಲ್ಲ.

ಸ್ಪೀಕರಿನ ಹಿಂದೆ ಪ್ಲಾಸ್ಟಿಕ್ ಡಬ್ಬಿ, ಜಾಲರಿಯ ಅಂಚಿಗೆ ರಬ್ಬರ್ ಪಟ್ಟಿ, ತಂತಿ ಒಳಹೋಗುವ ರಂಧ್ರಕ್ಕೆ ಸಿಲಿಕೋನ್ ಹಾಕಿದೆವು. ಸಿಲಿಕೋನ್ ಕೊಳ್ಳುವಾಗ ವಿನೆಗರ್ ವಾಸನೆಯದು ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಟ್ಯೂಬಿನ ಮೇಲೆ ಬರೆದದ್ದನ್ನು ತನ್ನಿ. ತಂತಿ ಡಬ್ಬಿಯೊಳಗೆ ಹೋಗುವ ಮೊದಲು ಒಮ್ಮೆ ಕೆಳಗೆ ಬಾಗಿ ಮೇಲೇರುವಂತೆ ಬಿಟ್ಟರೆ, ಅದರ ಮೇಲೆ ಹರಿದುಬಂದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಹೊಸ ಸ್ಪೀಕರ್ ಸೇರಿಸುವ ಮೊದಲು ಎಲೆಕ್ಟ್ರಿಷಿಯನ್ ಬಚ್ಚಲಿನ ಮೇನ್ ಲೈನಿಗೆ 500 ವೋಲ್ಟಿನ ಮೆಗ್ಗರ್ (ತಂತಿಯ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಮೀಟರ್) ಹಾಕಿದರು. ಕನಿಷ್ಠ 1 ಮೆಗಾಓಮ್ ಇರಬೇಕು, ಹಳೆಯ ಬೋರ್ಡು ತೆಗೆದ ಮೇಲೆ 50ಕ್ಕಿಂತ ಹೆಚ್ಚು ಬಂತು. ಮೆಗ್ಗರ್ ಹಾಕುವಾಗ ಆಂಪ್ಲಿಫೈಯರ್, ಅಡಾಪ್ಟರ್ ಯಾವುದೂ ಆ ಲೈನಿನಲ್ಲಿ ಇರಬಾರದು, ಇದ್ದರೆ ಸುಟ್ಟುಹೋಗಬಹುದು.

ಬಾಡಿಗೆ ಮನೆಯಲ್ಲಿರುವವರಿಗೆ ಇಷ್ಟೆಲ್ಲ ಬೇಕಿಲ್ಲ. ಬ್ಯಾಟರಿಯಿಂದ ನಡೆಯುವ, ನೀರು ತಡೆಯುವ ಪುಟ್ಟ ಬ್ಲೂಟೂತ್ ಸ್ಪೀಕರ್ ಒಂದನ್ನು ಕಿಟಕಿಯ ಗೂಡಿನಲ್ಲಿಟ್ಟರೆ ಸಾಕು. ಚಾರ್ಜಿಂಗ್ ಮಾತ್ರ ಹೊರಗೆ, ಅದೂ ಸ್ಪೀಕರಿನ ಚಾರ್ಜಿಂಗ್ ಕಿಂಡಿ ಒಣಗಿದ ಮೇಲೆ.

ಎಲ್ಲ ಮುಗಿದ ಮೇಲೆ ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಿದೆವು. ಬಾಗಿಲು ಮುಚ್ಚಿ, ಗೀಸರ್ ಹಾಕಿ, ಆಕಾಶವಾಣಿ ಜೋರಾಗಿ ಇಟ್ಟು, ಬಿಸಿನೀರು ಇಪ್ಪತ್ತು ನಿಮಿಷ ಬಿಟ್ಟೆವು. ಮೀಟರ್ 0.6ರಿಂದ ಮೇಲೆ ಹೋಗಲಿಲ್ಲ. ನೀರು ನಿಲ್ಲಿಸಿ ಎಕ್ಸಾಸ್ಟ್ ಫ್ಯಾನ್ ಹಾಕಿ, ಹಲಗೆ ಸರಿಸಿ ಟಾರ್ಚ್ ಬಿಟ್ಟು ನೋಡಿದೆ. ತಾರಸಿಯ ಅಡಿ ಒಣಗಿತ್ತು. ಹಲಗೆಯನ್ನು ತಿರುಪು ಹಾಕಿ ಮುಚ್ಚಿ, ಡಿಬಿಯ ಬಾಗಿಲಿನ ಒಳಗೆ ಆ ದಿನದ ತಾರೀಖು ಮತ್ತು ಸೋರಿಕೆಯ ಅಂಕಿಯನ್ನು ಬರೆದು ಅಂಟಿಸಿದೆ.